ಬಿಬಿಗುಲ್ ಆಪಾಳ ಬಾಯಿ

ನನ್ನ ಗಂಡ ಯೆರ್ಗಾಜಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ, ಹೆಂಗಸರ ಹುಚ್ಚು ಇಲ್ಲ. ನಮ್ಮತ್ತೆ ಸಾಯುವ ತನಕ ಇದನ್ನೇ ಹಾಡುತ್ತಿದ್ದಳು, ನಾನೂ ನಂಬಿದ್ದೆ. ಅವನಿಗಿದ್ದ ಚಟ ಬೇರೆ. ಅವನಿಗೆ ಒಳ್ಳೆ ಸುದ್ದಿ ಕೇಳುವ ಚಟ.

ನಮ್ಮಲ್ಲಿ ಒಳ್ಳೆ ಸುದ್ದಿ ತಂದವರು ಬಾಗಿಲಲ್ಲೇ ನಿಂತು ‘ಸುಯಿಂಶಿ!’ ಎಂದು ಕೂಗುತ್ತಾರೆ. ಸುದ್ದಿ ಆಮೇಲೆ, ಮೊದಲು ಉಡುಗೊರೆ ಏನು ಕೊಡುತ್ತೀಯ ಹೇಳು ಅಂತ. ಅವರು ಕೇಳಬೇಕು, ಇವನು ಒಪ್ಪಬೇಕು, ಆಗಲೇ ಸುದ್ದಿ ಹೊರಗೆ ಬರುವುದು. ಬುದ್ಧಿ ಇರುವವರು ಒಂದು ಡಬ್ಬಿ ಚಾಕೊಲೇಟಿಗೋ ಎರಡು ಸಾವಿರ ತೆಂಗೆ ದುಡ್ಡಿಗೋ ಅದನ್ನು ಮುಗಿಸುತ್ತಾರೆ. ನನ್ನ ಗಂಡ ಮಾತ್ರ ಉಣ್ಣುವ ತಟ್ಟೆ ಬಿಟ್ಟು ಎದ್ದು, ಎರಡೂ ಕೈ ಮೇಲೆತ್ತಿ, ‘ಕೇಳಿದ್ದು ಕೊಟ್ಟೆ!’ ಎನ್ನುತ್ತಿದ್ದ. ಅವನೇನು ಖಾನನ ಮಗನಲ್ಲ, ತರಾಜ್ ಪೇಟೆಯಿಂದ ರೈಲ್ವೆ ಸ್ಟೇಷನ್ನಿಗೆ ಮಿನಿಬಸ್ ಓಡಿಸುವವನು.

ಅಕ್ಕನ ಮಗ ಮಿಲಿಟರಿಯಿಂದ ವಾಪಸ್ ಬಂದ ಎಂದು ಹೇಳಿದವನಿಗೆ ಹೊಸ ಫೋನು. ನಮ್ಮ ಒಬ್ಬಳೇ ಮಗಳು ಬಾಲ್ಜಾನ್‌ಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು ಎಂದವಳಿಗೆ ಬಟ್ಟೆ ಒಗೆಯುವ ಮಷೀನು. ಅವನ ಜೊತೆ ಓದಿದ ಯಾರಿಗೋ ಕಿಡ್ನಿಯ ಕಲ್ಲು ಬಿದ್ದುಹೋಯಿತಂತೆ, ಅದಕ್ಕೊಂದು ಚರ್ಮದ ಕೋಟು! ಕಲ್ಲು ಬಿದ್ದದ್ದು ಒಬ್ಬನಿಗೆ, ಕೋಟು ಹಾಕಿಕೊಂಡವನು ಇನ್ನೊಬ್ಬ, ಕಂತು ಕಟ್ಟುವವರು ನಾವು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನು ನೋಡಿಯೇ. ಆದರೂ ಹೇಳುತ್ತೇನೆ, ಅವನು ಕುಣಿಯುವುದನ್ನು ನೋಡಬೇಕಿತ್ತು. ಸುದ್ದಿ ತಂದವರನ್ನು ಎತ್ತಿ ತಿರುಗಿಸುತ್ತಿದ್ದ, ಅಳುತ್ತಿದ್ದ, ಬೀದಿಗೆ ಓಡಿ ಹೋಗಿ ದಾರಿಯಲ್ಲಿ ಹೋಗುವವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದ.

ಕಾರ್ಡಿನಲ್ಲಿ ಕೊಟ್ಟದ್ದು ಅವನ ಲೆಕ್ಕದಲ್ಲಿ ದುಡ್ಡೇ ಅಲ್ಲ. ಒಂದು ಕಾರ್ಡಿನ ಬಾಕಿ ತೀರಿಸಲು ಇನ್ನೊಂದು ಕಾರ್ಡು, ಅದರ ಬಡ್ಡಿಗೆ ಮತ್ತೊಂದು. ನನಗೆ ಗೊತ್ತಾಗಿದ್ದು ಪೇಟೆಯಲ್ಲಿ. ನಾನು ಮದುವೆ ಹೆಣ್ಣುಗಳಿಗೆ ಕೌದಿ ಹೊಲಿದು ಮಾರುವವಳು. ಹತ್ತಿ ಕೊಳ್ಳಲು ಹೋದರೆ ಗಂಡ ಹೆಂಡತಿ ಇಬ್ಬರ ಖಾತೆಯೂ ಕೋರ್ಟಿನಿಂದ ಬಂದ್ ಆಗಿತ್ತು. ಹತ್ತಿಯವಳ ಮುಂದೆ ಮುಖ ಕೆಂಪಾಗಿಸಿಕೊಂಡು ಮನೆಗೆ ಬಂದು ಅವನ ಕೋಟು ಹಿಡಿದು ಕೊಡವಿದೆ. ಐದು ಕಾರ್ಡು ಕೆಳಗೆ ಬಿದ್ದವು. ಇಸ್ಪೀಟು ಇಲ್ಲ ಅಂದಿದ್ದಳಲ್ಲ ನಮ್ಮತ್ತೆ! ಚಹಾದ ಕೆಟಲ್ ಎತ್ತಿ ಎಸೆದೆ. ಅದು ಅವನಿಗೆ ತಗಲದೆ ಗೋಡೆಗೆ ತಗಲಿತು.

ಆ ದಿನದಿಂದ ಅವನ ಕೈಗೆ ನಾನು ದುಡ್ಡು ಕೊಡಲಿಲ್ಲ. ದಿನಕ್ಕೊಂದು ಚಹಾ, ಒಂದು ಸಮೋಸಾದಷ್ಟು ಚಿಲ್ಲರೆ, ಅಷ್ಟೇ. ಬಸ್ಸಿನ ಸಂಪಾದನೆ ನೇರ ನನ್ನ ಕೈಗೆ. ಹಸು ಮಾರಿದೆವು. ಎರಡು ಚಳಿಗಾಲ ನಮ್ಮ ಮನೆಯಲ್ಲಿ ಮಾಂಸಕ್ಕೆಂದು ಕುದುರೆ ಕಡಿಯಲಿಲ್ಲ, ಬೀದಿಗೆಲ್ಲ ಮಾಂಸದ ವಾಸನೆ ಬರುವಾಗ ನಾವು ಆಲೂಗಡ್ಡೆ ಬೇಯಿಸಿ ಕಿಟಕಿ ಮುಚ್ಚಿಕೊಂಡೆವು. ಹೊಟ್ಟೆ ಬಟ್ಟೆ ಕಟ್ಟಿ ಮೊದಲು ಎಲ್ಲಕ್ಕಿಂತ ಚಿಕ್ಕ ಕಾರ್ಡು ತೀರಿಸಿದೆವು. ಅದನ್ನು ಕತ್ತರಿಯಲ್ಲಿ ತುಂಡು ಮಾಡಿದ ದಿನ ಇಬ್ಬರಿಗೂ ಹಬ್ಬ ಬಂದಷ್ಟು ಸಂಭ್ರಮ. ಎರಡನೆಯದು ತೀರುವ ಹೊತ್ತಿಗೆ ಹುಚ್ಚೇ ಹಿಡಿದಿತ್ತು. ಬೇರೆಯವರ ಮನೆಯಲ್ಲಿ ಫುಟ್‌ಬಾಲ್ ನೋಡುತ್ತಾರಲ್ಲ, ನಾವು ಉಳಿದ ಬಾಕಿ ನೋಡುತ್ತ ಕೂರುತ್ತಿದ್ದೆವು. ‘ಇಳೀತು ಕಣೇ, ಮತ್ತೆ ಇಳೀತು!’ ಎಂದು ಅವನು ತೊಡೆ ತಟ್ಟಿಕೊಳ್ಳುತ್ತಿದ್ದ. ಮೂರನೆಯದೂ ಹೋಯಿತು, ನಾಲ್ಕನೆಯದೂ ಹೋಯಿತು.

ಒಂದು ವಿಷಯ ಮಾತ್ರ ನನ್ನ ಹೊಟ್ಟೆ ಉರಿಸುತ್ತಿತ್ತು. ಯೆರ್ಗಾಜಿಯ ಕೈ ಬರಿದಾಗಿದೆ ಎಂದು ಗೊತ್ತಾದ ಮೇಲೆ ನಮ್ಮ ಬಾಗಿಲಿಗೆ ಒಳ್ಳೆ ಸುದ್ದಿ ತರುವವರೇ ಇಲ್ಲವಾದರು. ಅವನ ಸ್ವಂತ ತಮ್ಮನಿಗೆ ಗಂಡು ಮಗು ಹುಟ್ಟಿದ್ದು ನಮಗೆ ತಿಳಿದದ್ದು ರೊಟ್ಟಿ ಅಂಗಡಿಯ ಸಾಲಿನಲ್ಲಿ. ‘ನೋಡಿದ್ಯಾ ನಿನ್ನ ಜನ,’ ಅಂದೆ. ‘ಬೆಲ್ಲ ಇರೋ ತನಕ ಇರುವೆ.’ ಅವನು ತಲೆ ತಗ್ಗಿಸಿ ಟೈರಿಗೆ ಗಾಳಿ ಹಾಕುತ್ತಲೇ ಇದ್ದ. ಅವನು ಸೊರಗಿದ್ದು ಆಲೂಗಡ್ಡೆಯಿಂದಲ್ಲ ಎಂದು ನನಗೆ ಗೊತ್ತಿತ್ತು. ಗೇಟಿನ ಸದ್ದಾದರೆ ಸಾಕು, ಅವನ ಕುತ್ತಿಗೆ ಆ ಕಡೆ ತಿರುಗುತ್ತಿತ್ತು.

ಐದನೆಯ ಕಾರ್ಡು ಎಲ್ಲಕ್ಕಿಂತ ದೊಡ್ಡದು. ಅದರ ಅಸಲಿಗಿಂತ ದಂಡವೇ ಹೆಚ್ಚಾಗಿತ್ತು. ನಾನು ಆ ಬ್ಯಾಂಕಿನ ಮೆಟ್ಟಿಲು ಸವೆಸಿ, ಮ್ಯಾನೇಜರನ ತಲೆ ತಿಂದು ಒಂದು ಒಪ್ಪಂದ ಮಾಡಿಸಿದ್ದೆ. ಮಾರ್ಚ್ ತಿಂಗಳ ಒಂದು ಶುಕ್ರವಾರ ಸಂಜೆ ಬಾಗಿಲು ಹಾಕುವುದರೊಳಗೆ ಅಸಲನ್ನು ಒಂದೇ ಸಲಕ್ಕೆ, ನಗದಾಗಿ ಕಟ್ಟಿದರೆ ದಂಡ, ಬಡ್ಡಿ ಎಲ್ಲ ಮನ್ನಾ. ಒಂದು ತೆಂಗೆ ಕಡಿಮೆಯಾದರೂ, ಒಂದು ದಿನ ತಡವಾದರೂ ಎಲ್ಲವೂ ವಾಪಸ್ ನಮ್ಮ ತಲೆ ಮೇಲೆ.

ಆ ಶುಕ್ರವಾರ ಬಂತು. ನನ್ನ ಕೌದಿ ಕೊಂಡ ಮದುವೆ ಮನೆಯವಳು ಕೊನೇ ದುಡ್ಡು ಕೊಡಲು ಮಧ್ಯಾಹ್ನ ಪೂರ್ತಿ ಕಾಯಿಸಿದಳು. ಕೆಸರು ಹಾರಿಸಿಕೊಂಡು ಮಿನಿಬಸ್ಸಿನಲ್ಲಿ ಬ್ಯಾಂಕು ಮುಟ್ಟುವಾಗ ಬಾಗಿಲು ಹಾಕಲು ಅರ್ಧ ಗಂಟೆಯೂ ಇರಲಿಲ್ಲ. ದುಡ್ಡಿನ ಗಂಟು ನನ್ನ ಎದೆಯ ಹತ್ತಿರ, ಕೋಟಿನ ಒಳಗೆ. ಟೋಕನ್ ತಗೊಂಡು ಕೂತೆವು. ನನ್ನ ಕಾಲು ನಿಲ್ಲುತ್ತಲೇ ಇರಲಿಲ್ಲ. ಯೆರ್ಗಾಜಿ ಟೋಪಿ ತೆಗೆಯುವುದು, ಹಾಕುವುದು, ತೆಗೆಯುವುದು. ‘ಇನ್ನು ನಾಕೇ ಜನ ಕಣೇ,’ ಎಂದು ಹೊಸ ಮದುವೆ ಗಂಡಿನ ಹಾಗೆ ನಗುತ್ತಿದ್ದ. ನನಗೂ ನಗು ತಡೆಯಲಾಗಲಿಲ್ಲ.

ಆಗ ಬಾಗಿಲು ಧಡಾರ್ ಎಂದು ತೆರೆಯಿತು.

ಬಂದವಳು ಬಿಬಿಗುಲ್ ಆಪಾ, ಯೆರ್ಗಾಜಿಯ ದೊಡ್ಡಪ್ಪನ ಮಗಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು; ದೊಡ್ಡ ಹೆಂಗಸರನ್ನು ನಾವು ಅಕ್ಕ ಅನ್ನುವ ಹಾಗೆ ಆಪಾ ಅನ್ನುತ್ತೇವೆ. ಬಟ್ಟೆ ಒಗೆಯುವ ಮಷೀನು ಹೊತ್ತುಕೊಂಡು ಹೋದ ಮಹಾತಾಯಿ ಇವಳೇ. ಕರಗಿದ ಹಿಮದ ಕೆಸರಿನಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಓಡಿ ಬಂದಿದ್ದಳು. ತಲೆವಸ್ತ್ರ ಹೆಗಲಿಗೆ ಜಾರಿತ್ತು. ಏದುಸಿರು ಬಿಡುತ್ತ, ಇಡೀ ಬ್ಯಾಂಕು ತಿರುಗಿ ನೋಡುವ ಹಾಗೆ ಕೂಗಿದಳು:

“ಸುಯಿಂಶಿ! ಯೆರ್ಗಾಜಿ, ಸುಯಿಂಶಿ!”

ನಾನು ಅವನ ತೋಳು ಹಿಡಿದೆ. ಆದರೆ ತೋಳು ಹಿಡಿದರೆ ನಾಲಿಗೆ ನಿಲ್ಲುತ್ತದೆಯೇ? ಎರಡು ವರ್ಷ ಕಾದಿದ್ದ ನಾಲಿಗೆ ಅದು. ಚಂಗನೆ ಎದ್ದು ನಿಂತ, ಎರಡೂ ಕೈ ಮೇಲೆತ್ತಿದ.

“ಕೇಳಿದ್ದು ಕೊಟ್ಟೆ, ಆಪಾ!”

ಅಯ್ಯೋ ನನ್ನ ಹಣೆಬರಹವೇ! ಸಾಲಿನಲ್ಲಿದ್ದವರೆಲ್ಲ ಮುಗುಳ್ನಕ್ಕರು, ಒಬ್ಬ ಮುದುಕ ಚಪ್ಪಾಳೆಯನ್ನೂ ತಟ್ಟಿದ. ಅಷ್ಟು ಜನ ಸಾಕ್ಷಿ. ನಮ್ಮವರಲ್ಲಿ ಬ್ಯಾಂಕಿಗೆ ಬರೆದುಕೊಟ್ಟ ಮಾತು ತಪ್ಪಬಹುದು, ಸುಯಿಂಶಿಗೆ ಕೊಟ್ಟ ಮಾತು ತಪ್ಪುವ ಹಾಗಿಲ್ಲ. ತಪ್ಪಿದವನ ಮನೆಗೆ ಹೆಣ್ಣು ಕೊಡುವುದಿಲ್ಲ. ಆಪಾಳ ಕಣ್ಣು ಅವನ ಮುಖದಿಂದ ನನ್ನ ಮುಖಕ್ಕೆ, ನನ್ನ ಮುಖದಿಂದ ಉಬ್ಬಿದ ನನ್ನ ಕೋಟಿಗೆ ಇಳಿಯಿತು.

“ಹಂಗಾದ್ರೆ ಕೇಳಿಸ್ಕೋ,” ಅಂದಳು. “ನಂಗೆ ಬೇಕಾಗಿರೋದು...”

ನಾನು ಹಾರಿ ಹೋಗಿ ಅವಳ ಬಾಯಿ ಮುಚ್ಚಿದೆ. ಬರೀ ಮಾತಿಗೆ ಹೇಳುತ್ತಿಲ್ಲ, ಅಂಗೈ ಇಟ್ಟು, ಇನ್ನೊಂದು ಕೈಯಲ್ಲಿ ಅವಳ ತಲೆ ಹಿಂದಿನಿಂದ ಹಿಡಿದು, ಗಟ್ಟಿಯಾಗಿ ಮುಚ್ಚಿದೆ. ಕೇಳಿದ್ದು ಕಿವಿಗೆ ಬಿದ್ದರೆ ತಾನೆ ಕೊಡಬೇಕಾದದ್ದು? ಬೀಳದಿದ್ದರೆ ಬಾಕಿ ಇಲ್ಲ.

“ಏನೇ ಇದು! ಆಪಾಗೆ ಉಸಿರು ಕಟ್ಟುತ್ತೆ, ಬಿಡೇ!” ಎಂದು ಯೆರ್ಗಾಜಿ ಬಡಬಡಿಸಿದ.

“ಮೂಗು ಬಿಟ್ಟಿದ್ದೀನಿ.”

“ಉಲ್ಬೋಸಿನ್, ಅವಳು ಹೇಳ್ಲಿ ಬಿಡು... ನಮ್ಮ ಬಾಲ್ಜಾನ್ ಸುದ್ದಿ ಇರ್ಬೇಕು...”

“ನಂಗೆ ಗೊತ್ತಿಲ್ವಾ? ನೀನು ಬಾಯಿ ಬಿಟ್ಟಿದ್ದಕ್ಕೇ ಇವಳ ಬಾಯಿ ಮುಚ್ಚೋ ಗತಿ ಬಂತು!”

ನನಗೆ ಗೊತ್ತಿರಲಿಲ್ಲವೇ! ಬಾಲ್ಜಾನ್ ದೂರದ ಅಕ್ತೋಬೆಯಲ್ಲಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರಾಗಿದ್ದಳು. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ವಸೂಲಿಯವರ ಕಾಟಕ್ಕೆ ನಮ್ಮಿಬ್ಬರ ಫೋನೂ ಹಗಲೆಲ್ಲ ಬಂದ್, ಸಂಜೆ ಅವರ ಆಫೀಸು ಮುಚ್ಚಿದ ಮೇಲೆ ಮಗಳೊಡನೆ ಮಾತು. ಹಾಗಾಗಿ ಅಳಿಯ ಆಪಾಗೆ ಫೋನ್ ಮಾಡಿದ್ದಾನೆ, ಆಪಾ ನಮ್ಮ ಮನೆಗೆ ಓಡಿದ್ದಾಳೆ, ಪಕ್ಕದ ಮನೆಯವರು ಬ್ಯಾಂಕು ತೋರಿಸಿದ್ದಾರೆ. ನನ್ನ ಮೊಮ್ಮಗು ಈ ಅಂಗೈ ಕೆಳಗೆ ಇತ್ತು. ಗಂಡೋ, ಹೆಣ್ಣೋ, ನನ್ನ ಮಗಳು ಹೇಗಿದ್ದಾಳೋ, ಎಲ್ಲವೂ ಆ ಎರಡು ತುಟಿಯ ಹಿಂದೆ ಬಿಸಿಯಾಗಿ ಒದ್ದಾಡುತ್ತಿತ್ತು. ಕೈ ಎತ್ತಿದರೆ ಸಾಕು, ಕೇಳಬಹುದಿತ್ತು. ಆದರೆ ಆ ಮಗುವನ್ನು ನೋಡಲು ಹೋಗುವಾಗ ಬೆನ್ನ ಮೇಲೆ ಬ್ಯಾಂಕು ಹೊತ್ತುಕೊಂಡು ಹೋಗಲಾರೆ ಅನ್ನಿಸಿತು. ಸುಯಿಂಶಿ ಅಂದಿದ್ದಾಳಲ್ಲ, ಕೆಟ್ಟದ್ದಂತೂ ಅಲ್ಲ, ತಡೆದುಕೋ ಉಲ್ಬೋಸಿನ್, ತಡೆದುಕೋ.

ಗೋಡೆಯ ಹಲಗೆಯಲ್ಲಿ ನಮ್ಮ ನಂಬರು ಬಂತು.

ಈಗ ಏನು ಮಾಡುವುದು? ನನ್ನ ಎರಡೂ ಕೈ ಆಪಾಳ ತಲೆಗೆ ಮೀಸಲು. ಒಂದು ಕೈ ಬಿಟ್ಟರೂ ಅವಳು ತಪ್ಪಿಸಿಕೊಳ್ಳುತ್ತಾಳೆ, ದಪ್ಪ ಹೆಂಗಸು, ಎಮ್ಮೆಯ ಬಲ.

“ಗಂಟು ತಗೋ,” ಅಂದೆ ಗಂಡನಿಗೆ. “ಕೋಟಿನ ಒಳಗಿದೆ. ತಗೊಂಡು ಹೋಗಿ ಕಟ್ಟು.”

ಅವನು ನನ್ನನ್ನೇ ನೋಡಿದ. ಎರಡು ವರ್ಷದಲ್ಲಿ ಚಹಾ ದುಡ್ಡಿಗಿಂತ ಹೆಚ್ಚು ಮುಟ್ಟಿಲ್ಲದ ಮನುಷ್ಯ. “ನಾನಾ?” ಅಂದ.

“ಮತ್ತಿನ್ಯಾರು, ನಿಮ್ಮಪ್ಪನಾ? ಹೋಗು!”

ಅವನು ಗಂಟನ್ನು ಕಣ್ಣು ಬಿಡದ ನಾಯಿಮರಿಯ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹೋದ. ನನ್ನ ಪ್ರಾಣ ಅವನ ಹಿಂದೆಯೇ ಹೋಯಿತು. ದಾರಿಯಲ್ಲಿ ಇನ್ನೊಬ್ಬ ‘ಸುಯಿಂಶಿ’ ಎಂದು ಬಂದರೆ ಗಂಟು ಬಿಚ್ಚಿಯೇ ಬಿಡುತ್ತಾನೆ ಅನ್ನಿಸಿತು. ಯಾರೂ ಬರಲಿಲ್ಲ. ಕಿಟಕಿಯ ಹುಡುಗಿ ನೋಟುಗಳನ್ನು ಮಷೀನಿಗೆ ಹಾಕಿದಳು. ಮಷೀನು ಗರಗರ ಎಂದಿತು, ನಿಂತಿತು, ಒಂದು ಹಳೇ ನೋಟು ಉಗುಳಿತು. ಹುಡುಗಿ ಅದನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಉಜ್ಜಿದಳು, ಮತ್ತೆ ಮೊದಲಿಂದ ಎಣಿಕೆ. ಆ ಹೊತ್ತಿಗೆ ಸರಿಯಾಗಿ ಆಪಾ ನನ್ನ ಅಂಗೈ ಕಚ್ಚಿದಳು.

“ಅಮ್ಮಾ!” ಎಂದು ಚೀರಿದೆ. ಕೈ ಮಾತ್ರ ಬಿಡಲಿಲ್ಲ.

ಬ್ಯಾಂಕಿನ ಕಾವಲುಗಾರ ಓಡಿ ಬಂದ. “ಏನಮ್ಮಾ ಇದು ಜಗಳ? ಪೊಲೀಸರನ್ನ ಕರೀಬೇಕಾ?”

“ಜಗಳ ಅಲ್ಲಪ್ಪ. ಒಳ್ಳೆ ಸುದ್ದಿ.”

“ಒಳ್ಳೆ ಸುದ್ದಿ ಅಂದ್ರೆ ಹಿಂಗಾ?”

“ಇನ್ನೂ ಬಾಯಿಂದ ಬಂದಿಲ್ಲ. ಬರುತ್ತೆ, ಸ್ವಲ್ಪ ತಡ್ಕೋ.”

ಅವನು ಆಪಾಳ ಕೆಂಡದಂಥ ಕಣ್ಣು ನೋಡಿ, ನನ್ನನ್ನು ನೋಡಿ, ಏನೂ ತೋಚದೆ ನಮ್ಮ ಪಕ್ಕದಲ್ಲೇ ನಿಂತ. ಚಪ್ಪಾಳೆ ತಟ್ಟಿದ ಮುದುಕನೂ ಎದ್ದು ಬಂದ. ತಮ್ಮ ಕೆಲಸ ಮುಗಿದವರೂ ಹೊರಗೆ ಹೋಗಲಿಲ್ಲ. ಎಲ್ಲರೂ ಕುದುರೆ ಪಂದ್ಯ ನೋಡುವ ಹಾಗೆ ಆ ಕಿಟಕಿ ನೋಡುತ್ತ ನಿಂತರು. ಮಷೀನು ನಿಂತಿತು. ಹುಡುಗಿ ಏನೋ ಟೈಪ್ ಮಾಡಿದಳು. ಯೆರ್ಗಾಜಿ ಸಹಿ ಹಾಕಿದ. ಠಪ್ ಎಂದು ಮೊಹರು ಬಿತ್ತು.

ಅವನು ತಿರುಗಿ ನಿಂತು ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದ. ಮುಗಿಯಿತು! ತೀರಿತು! ಇನ್ನು ನಾವು ಯಾರಿಗೂ ಕೊಡಬೇಕಾದವರಲ್ಲ!

ಆಪಾಳ ಬಾಯಿಂದ ಕೈ ತೆಗೆದೆ.

“ಹೇಳು ಆಪಾ, ಬೇಗ ಹೇಳು!”

ಆಪಾ ತುಟಿ ಒರೆಸಿಕೊಂಡಳು, ತಲೆವಸ್ತ್ರ ಸರಿಮಾಡಿಕೊಂಡಳು, ಬೆಂಚಿನ ಮೇಲೆ ಹೋಗಿ ಕೈಕಟ್ಟಿ ಕೂತಳು. ಬಾಯಿ ಬಿಡಲಿಲ್ಲ.

“ಆಪಾ!”

“ಹೇಳಲ್ಲ.”

“ಆಪಾ, ನಿನ್ನ ಕಾಲಿಗೆ ಬೀಳ್ತೀನಿ...”

“ಬೀಳು. ಹೇಳಲ್ಲ. ಅರವತ್ತು ದಾಟಿದ ಹೆಂಗಸಿನ ಬಾಯಿಗೆ ಕೈ ಹಾಕ್ತಾಳೆ, ಕೆಲಿನ್ ಅಂತೆ, ಮನೆಗೆ ತಂದ ಸೊಸೆ ಅಂತೆ! ಹೋಗಿ, ರೊಟ್ಟಿ ಅಂಗಡಿಲಿ ಕೇಳ್ಕೊಳಿ!”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಕಾವಲುಗಾರನೇ ತಡೆಯಲಾರದೆ, “ಹೇಳಿ ಅಜ್ಜಿ, ನಮಗೂ ಕೇಳ್ಬೇಕು,” ಅಂದ. ಅವಳು ಅವನನ್ನೂ ಗದರಿದಳು. ಆಮೇಲೆ ಯೆರ್ಗಾಜಿಯ ಕಡೆ ತಿರುಗಿದಳು.

“ನಿನ್ನ ತಮ್ಮನಿಗೆ ಗಂಡು ಹುಟ್ಟಿದಾಗ ಯಾರೋ ಮೊದಲು ನಿನ್ನ ಗೇಟಿಗೆ ಓಡಿ ಬಂದೋಳು? ನಾನು. ಗಂಟಲು ಹರಿಯೋ ಹಂಗೆ ಕೂಗಿದೆ. ನೀನೇನು ಮಾಡ್ದೆ? ಹಿಂದಿನ ಗೋಡೆ ಹಾರಿ ಓಡಿದೆ. ನಿನ್ನ ಟೋಪಿ ಕಾಣಿಸ್ತು ಕಣೋ ಗೋಡೆ ಮೇಲೆ! ನನ್ನ ಮೊಮ್ಮಗ ಕುಸ್ತೀಲಿ ಗೆದ್ದಾಗ ಬಂದೆ. ಆವತ್ತೂ ಹಾರಿದೆ. ಎಷ್ಟು ಸಲ ಅಂತ ಬರ್ಲಿ ನಾನು, ಮಂಡಿ ನೋವು ಇಟ್ಕೊಂಡು?”

ನಾನು ಗಂಡನ ಮುಖ ನೋಡಿದೆ. ಅವನ ಕಿವಿ ಕೆಂಪಾಗಿತ್ತು. ನಾನು ಕೌದಿ ಮಾರಲು ಪೇಟೆಗೆ ಹೋಗಿದ್ದ ಹೊತ್ತಿರಬೇಕು, ಇದನ್ನು ಅವನು ನನಗೆ ಹೇಳಿಯೇ ಇರಲಿಲ್ಲ. ಬೆಲ್ಲ, ಇರುವೆ ಎಂದು ನಾನು ಎರಡು ವರ್ಷ ಇಡೀ ವಂಶಕ್ಕೆ ಶಾಪ ಹಾಕುವಾಗ ಸುಮ್ಮನೆ ಗಾಳಿ ಹಾಕುತ್ತಿದ್ದ!

“ಕೊಡಕ್ಕೆ ನನ್ನತ್ರ ಏನೂ ಇರ್ಲಿಲ್ಲ ಆಪಾ,” ಅಂದ ಮೆಲ್ಲಗೆ.

“ಹುಚ್ಚಪ್ಪ! ನಿನ್ನ ತಮ್ಮನಿಗೆ ಸುದ್ದಿ ಹೇಳಿದ್ರೆ ಕುರ್ಚಿಯಿಂದ ಏಳಲ್ಲ, ಅಲ್ಲಿಂದ್ಲೇ ದುಡ್ಡು ಎಸೀತಾನೆ. ನಿನ್ನಂಗೆ ಕುಣಿಯೋನು ನಮ್ಮಲ್ಲಿ ಇನ್ಯಾರಿದ್ದಾನೆ? ನೀನು ಕುಣೀದೆ ಇದ್ರೆ ಅದು ಸುದ್ದಿ ಅಂತಾನೇ ಅನ್ಸಲ್ಲ ನಂಗೆ.”

ಆದರೂ ಆವತ್ತು ಬಟ್ಟೆ ಒಗೆಯುವ ಮಷೀನು ಬಿಟ್ಟು ಹೋಗಲಿಲ್ಲವಲ್ಲ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವಳ ಚಪ್ಪಲಿಯೊಳಗೆ ಕೆಸರು ನೀರು ಪಿಚಪಿಚ ಅನ್ನುತ್ತಿತ್ತು. ಆ ವಯಸ್ಸಿನಲ್ಲಿ ಅಷ್ಟು ದೂರ ಮಷೀನಿಗಾಗಿ ಯಾರೂ ಓಡುವುದಿಲ್ಲ.

“ಕೇಳು ಆಪಾ,” ಅಂದೆ. “ಅವನು ಮಾತು ಕೊಟ್ಟಾಗಿದೆ. ಏನು ಬೇಕು ಕೇಳು, ನಾನು ಅಡ್ಡ ಬರಲ್ಲ.”

ಅವಳು ನನ್ನ ಕೈಯ ಮೇಲಿದ್ದ ತನ್ನ ಹಲ್ಲಿನ ಗುರುತನ್ನು ನೋಡಿದಳು. ಸ್ವಲ್ಪ ನಗು ಬಂದಿರಬೇಕು, ಮುಚ್ಚಿಕೊಂಡಳು.

“ಕುರಿ,” ಅಂದಳು. “ಬಾಲದ ತುಂಬ ಕೊಬ್ಬಿರೋ ಕುರಿ. ಈಗ ಬೇಡ, ಚಳಿಗಾಲದ ಮುಂಚೆ ಕೊಡು, ದುಡಿದು ಕೊಡು. ಕಾರ್ಡಲ್ಲಿ ತಂದ್ರೆ ನಿನ್ನ ತಲೆ ಮೇಲೇ ಬೇಯಿಸ್ತೀನಿ. ಅಲ್ಲೀತನಕ ವಾರಕ್ಕೊಂದು ಸಲ ನಿನ್ನ ಮನೆಗೆ ಬರ್ತೀನಿ, ‘ನನ್ನ ಕುರಿ ಎಲ್ಲಿ’ ಅಂತೀನಿ, ಚಹಾ ಕುಡೀತೀನಿ. ಗೋಡೆ ಹಾರಿದ್ರೆ ಕಾಲು ಮುರೀತೀನಿ.”

“ಎರಡು ಕುರಿ, ಆಪಾ!” ಎಂದು ಯೆರ್ಗಾಜಿ ಎರಡೂ ಕೈ ಎತ್ತಿದ.

“ಒಂದು,” ಎಂದು ನಾನು ಅವನ ಪಕ್ಕೆ ಚಿವುಟಿದೆ.

“ಒಂದು,” ಅಂದ.

“ಹೆಣ್ಣು,” ಅಂದಳು ಆಪಾ. ಅಲ್ಲಿಯ ತನಕ ಬಿಗಿಹಿಡಿದಿದ್ದ ಮುಖ ಒಮ್ಮೆಲೇ ಬಿಚ್ಚಿಕೊಂಡಿತು, ಅಳತೊಡಗಿದಳು. “ಹೆಣ್ಣು ಮಗು ಕಣ್ರೋ! ಮೂರೂವರೆ ಕಿಲೋ! ಎರಡು ವಾರ ಕಾಯೋ ತಾಳ್ಮೆ ಇಲ್ಲ, ಥೇಟ್ ಅಜ್ಜಿ! ಬಾಲ್ಜಾನ್ ಚೆನ್ನಾಗಿದ್ದಾಳೆ, ಹೆತ್ತ ತಕ್ಷಣ ಹಸಿವು ಅಂದ್ಲಂತೆ!”

ಯೆರ್ಗಾಜಿ ಕೂಗಿದ ಕೂಗಿಗೆ ಕಿಟಕಿಯ ಹುಡುಗಿ ಪೆನ್ನು ಬಿಟ್ಟಳು. ಆಪಾಳನ್ನು ಎತ್ತಿ ತಿರುಗಿಸಿದ, ಕಾವಲುಗಾರನನ್ನು ಎತ್ತಿದ, ಮುದುಕನನ್ನು ತಬ್ಬಿಕೊಂಡ, ನನ್ನನ್ನು ಎತ್ತಲು ಹೋಗಿ ಇಬ್ಬರೂ ಬೆಂಚಿನ ಮೇಲೆ ಬಿದ್ದೆವು. ಶುಭ ಆದಾಗ ತಲೆ ಮೇಲೆ ಮಿಠಾಯಿ ಚೆಲ್ಲಬೇಕು, ನಮ್ಮ ಹತ್ತಿರ ಎಲ್ಲಿತ್ತು? ಗಿರಾಕಿಗಳಿಗೆಂದು ಕಿಟಕಿಯ ಮುಂದೆ ಬ್ಯಾಂಕಿನವರು ಇಟ್ಟಿದ್ದ ಬಟ್ಟಲು ಕಣ್ಣಿಗೆ ಬಿತ್ತು. ಎದ್ದು ಬಟ್ಟಲೇ ಎತ್ತಿ, ಅಷ್ಟನ್ನೂ ಚಾವಣಿಗೆ ಎಸೆದೆ. ಇಷ್ಟು ವರ್ಷ ತಿಂದ ಬಡ್ಡಿಯಲ್ಲಿ ಅವರು ನಮಗೆ ವಾಪಸ್ ಕೊಟ್ಟದ್ದು ಅಷ್ಟೇ. ಕೋಟು ಹಾಕಿದ ದೊಡ್ಡ ಮನುಷ್ಯರೂ ಬಗ್ಗಿ ಬಗ್ಗಿ ಆರಿಸಿಕೊಂಡರು, ಶುಭದ ಮಿಠಾಯಿ ಯಾರಿಗೆ ಬೇಡ?

ಮಗಳ ಜೊತೆ ಮಾತಾಡಬೇಕೆಂದು ಫೋನು ಆನ್ ಮಾಡಿದೆ. ನಂಬರು ಒತ್ತುವ ಮೊದಲೇ ಅದು ಬಡಿದುಕೊಂಡಿತು. ವಸೂಲಿಯವನು. ಎರಡು ವರ್ಷ ಕೇಳಿದ ಗೊಗ್ಗರು ದನಿ, ಯಾರೋ ಎಳೆ ವಯಸ್ಸಿನವನು. “ಉಲ್ಬೋಸಿನ್ ಅವರಾ? ನಿಮ್ಮ ಬಾಕಿ ವಿಷಯ...” ಎಂದು ಶುರುಮಾಡಿದ. ಇವನಿಗಾಗಿ ನಾನು ಎಷ್ಟು ಬೈಗುಳ ಕೂಡಿಟ್ಟಿದ್ದೆ! ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

“ಸುಯಿಂಶಿ, ತಮ್ಮಾ!” ಎಂದು ಕೂಗಿದೆ. “ಸುಯಿಂಶಿ!”

ಪಾಪ, ಅವನೂ ನಮ್ಮವನೇ ತಾನೆ, ಬೇರೆ ಏನು ಹೇಳಿಯಾನು?

“ಏನು ಬೇಕು ಹೇಳಿ, ಆಪಾ,” ಅಂದ.

“ಈ ನಂಬರು ಅಳಿಸಿಬಿಡು.”

“ಆಯ್ತು, ಅಳಿಸ್ತೀನಿ. ಈಗ ಸುದ್ದಿ ಹೇಳಿ.”

“ಸಾಲ ತೀರ್ತು. ಈಗ ತಾನೇ, ನಿಮ್ಮ ಕಿಟಕೀಲೇ, ಮೊಹರು ಸಮೇತ. ಮೊಮ್ಮಗಳು ಹುಟ್ಟಿದ್ಲು.”

“ಅಬ್ಬಾ, ಎರಡೆರಡಾ!” ಅಂದ. ಆ ದನಿಯಲ್ಲಿ ನಗು ಇರಬಹುದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. “ಮಗುವಿನ ತೊಟ್ಟಿಲ ಕಟ್ಟು ಗಟ್ಟಿಯಾಗಿರ್ಲಿ, ಆಪಾ,” ಎಂದು ಹರಸಿದ. “ಇನ್ನು ನಾನು ಫೋನ್ ಮಾಡಲ್ಲ.”

ಅಕ್ತೋಬೆಗೆ ಹಚ್ಚಿದೆ. ಬಾಲ್ಜಾನ್ ಒಂದೇ ರಿಂಗಿಗೆ ಎತ್ತಿದಳು. ಹಿಂದಿನಿಂದ ಸಣ್ಣದೊಂದು ಅಳು ಕೇಳುತ್ತಿತ್ತು.

“ಅಮ್ಮಾ! ಬೆಳಗ್ಗಿಂದ ಎಷ್ಟು ಸಲ ಮಾಡ್ದೆ ಗೊತ್ತಾ? ಎಲ್ಲಿ ಹೋಗಿದ್ದೆ ನೀನು?”

“ಇಲ್ಲೇ ಇದ್ದೀನಿ ಮಗಳೇ,” ಅಂದೆ. “ಇನ್ಮೇಲೆ ಯಾವಾಗ ಬೇಕಾದ್ರೂ ಮಾಡು, ಎತ್ತುತ್ತೀನಿ.”